ಎತ್ತಿಗೆ ಜ್ವರ, ಎಮ್ಮೆಗೆ ಬರೆ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಓದಿದ ಭಾಷಣ. ಬರಹದಲ್ಲೂ ಬೇಕೆಂದು ಹಲವು ಕೇಳುಗರು ಕೇಳಿದ್ದರಿಂದ ಇಲ್ಲಿ ಕೊಟ್ಟಿದ್ದೇವೆ.)



ಈ ಹೊತ್ತಿಗೆ ಸಾಮಾನ್ಯವಾಗಿ ನಾನು ನಿಮಗೆ ಭಾವಗೀತೆ ಕೇಳಿಸುತ್ತೇನೆ, ಪತ್ರಗಳನ್ನು ಓದುತ್ತೇನೆ. ಇವತ್ತು ಟ್ರ್ಯಾಕ್ಟರಿನ ಬ್ಯಾಟರಿಯ ವಿಷಯ ಹಿಡಿದು ಕೂತಿದ್ದೇನೆ. ಕನ್ನಡದಲ್ಲಿ ಬಿ.ಎ. ಮಾಡಿದವಳಿಗೆ ಇದೆಲ್ಲಿಯ ಉಸಾಬರಿ ಎಂದು ನಗಬೇಡಿ. ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಬೀದರಿನ ರೈಲಿಗೆ ಕಾಯುವವರನ್ನು ಒಮ್ಮೆ ಮಾತಾಡಿಸಿ ನೋಡಿ. ನಮ್ಮಲ್ಲಿ ಎಷ್ಟೋ ಜನರಿಗೆ ನೌಕರಿ ಇಲ್ಲಿ, ಹೊಲ ಅಲ್ಲಿ. ಟ್ರ್ಯಾಕ್ಟರಿನ ಸಾಲದ ಕಂತು ಇಲ್ಲಿಂದ ಹೋಗುತ್ತದೆ. "ಬ್ಯಾಟರಿ ಹೋಯ್ತು, ರೊಕ್ಕ ಕಳಿಸು" ಎಂಬ ಫೋನು ಅಲ್ಲಿಂದ ಬರುತ್ತದೆ. ನನಗೂ ಅಂಥ ಫೋನು ಬಂದಿತ್ತು. ಒಂದೇ ಮುಂಗಾರಿನಲ್ಲಿ ಎರಡು ಸಲ.

ನಮ್ಮ ಕಾಕಾ ಬೀದರ್ ಕಡೆಯ ರೈತರು. ಐದಾರು ಎಕರೆಯಲ್ಲಿ ಸೋಯಾ, ತೊಗರಿ, ಒಂದಿಷ್ಟು ಉದ್ದು. ಎತ್ತಿನ ಜೋಡಿ ಮಾರಿ ಸಣ್ಣ ಡೀಸೆಲ್ ಟ್ರ್ಯಾಕ್ಟರ್ ತಂದಿದ್ದರು. ಸಾಲಿನ ನಡುವೆ ನುಸುಳಿ ಎಡೆಕುಂಟೆ ಹೊಡೆಯುವಂಥ ಗಾಡಿ. ಇಂಥ ಸಣ್ಣ ಯಂತ್ರಗಳು ನಮ್ಮ ಸೀಮೆಗೆ ಹೊಸವಲ್ಲ. ಬೆಂಗಳೂರಿನ ವಿ.ಎಸ್.ಟಿ. ಸಂಸ್ಥೆ 1967ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದಲ್ಲಿ ಪವರ್ ಟಿಲ್ಲರಿನೊಂದಿಗೆ ಶುರುಮಾಡಿ, ಮುಂದೆ ಸಣ್ಣ ಟ್ರ್ಯಾಕ್ಟರುಗಳಿಗೂ ಬಂತು. ನಮ್ಮ ರೈಲು ದಾರಿಯಲ್ಲೇ ಇರುವ ಜಹೀರಾಬಾದಿನಲ್ಲಿ 2013ರಲ್ಲಿ ಮಹೀಂದ್ರ ಟ್ರ್ಯಾಕ್ಟರ್ ಕಾರ್ಖಾನೆ ಆರಂಭವಾಯಿತು. ಕಾಕಾನ ಗಾಡಿ ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ತಪ್ಪು ಕಂಪನಿಯದಾಗಿರಲೂ ಇಲ್ಲ.

ಜೂನ್ ತಿಂಗಳಲ್ಲಿ ಮೊದಲ ಫೋನು. "ಯವ್ವಾ, ಸೆಲ್ಫ್ ಎತ್ತವಲ್ದು. ಬ್ಯಾಟರಿ ಹೋಗ್ಯಾದ." ಹಣ ಕಳಿಸಿದೆ, ಹೊಸ ಬ್ಯಾಟರಿ ಬಂತು. ಮೂರು ವಾರ ಕಳೆಯುವುದರೊಳಗೆ ಎರಡನೆಯ ಫೋನು. "ಇದೂ ಕೈ ಕೊಟ್ಟದವ್ವಾ. ಅಂಗಡಿಯವ ಹಳೇ ಮಾಲು ಕೊಟ್ಟಾನ." ಮತ್ತೊಂದು ಬ್ಯಾಟರಿ ಬಂತು. ಅದೂ ಬೆಳಿಗ್ಗೆ ಎದ್ದರೆ ಸತ್ತಂತೆ. ಅಷ್ಟರಲ್ಲಿ ಮಳೆ ಬಿಡುವು ಕೊಟ್ಟಿತ್ತು, ಹೊಲ ಹದಕ್ಕೆ ಬಂದಿತ್ತು, ಸೋಯಾದಲ್ಲಿ ಕಸ ಎದ್ದಿತ್ತು. ಹದ ಯಾರಿಗೂ ಕಾಯುವುದಿಲ್ಲ. ಕಾಕಾ ಊರಲ್ಲಿ ಹಲವರು ಮಾಡುವುದನ್ನೇ ಮಾಡಿದರು. ಪಕ್ಕದವರ ಬ್ಯಾಟರಿಯ ವೈರು ಹಚ್ಚಿ, ಕೆಳಗೆ ನಿಂತು, ಸ್ಕ್ರೂಡ್ರೈವರಿನಿಂದ ಸೆಲ್ಫಿನ ಎರಡು ಬೋಲ್ಟುಗಳನ್ನು ಕೂಡಿಸಿದರು. ಗಾಡಿ ಗೇರಿನಲ್ಲಿತ್ತು. ಎಂಜಿನ್ ಹತ್ತಿದ ಕೂಡಲೇ ಮುಂದಕ್ಕೆ ಜಿಗಿಯಿತು, ಹಿಂದಿನ ಗಾಲಿ ಅವರ ಪಾದದ ಮೇಲೆ ಹಾಯಿತು.

ಎರಡು ತಿಂಗಳು ಹಾಸಿಗೆ. ಕಾಲು ಉಳಿಯಿತು, ಆ ವರ್ಷದ ಸೋಯಾ ಕಸದ ಪಾಲಾಯಿತು. "ಕಾಲು ಉಳೀತಲ್ಲ, ಸಾಕು" ಅಂದರು ನಮ್ಮ ಕಾಕಿ. ಗಾಲಿ ಒಂದು ಮಾರು ಆಚೀಚೆ ಆಗಿದ್ದರೆ ಈ ಭಾಷಣವನ್ನು ನಾನು ಮಾಡುತ್ತಿರಲಿಲ್ಲ.

ಆಗ ನಾನು ಪಟಾನ್‌ಚೆರು ಹೆದ್ದಾರಿ ಪಕ್ಕದ ಒಬ್ಬ ಹಿರಿಯ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಕೂತೆ. ಅವರು ತೆಲುಗು, ಉರ್ದು ಬೆರೆಸಿ ಹೇಳಿದ್ದನ್ನು ನಮ್ಮ ಕಾರ್ಯಕ್ರಮದ ಕ್ಯೂ ಶೀಟಿನ ಬೆನ್ನ ಮೇಲೆ ಕನ್ನಡದಲ್ಲಿ ಬರೆದುಕೊಂಡೆ. ಅವರು ಮೊದಲು ಕೇಳಿದ ಪ್ರಶ್ನೆ: "ಎರಡು ಬ್ಯಾಟರಿ ಕೊಂಡಿರಲ್ಲ, ಒಂದು ಸಲವಾದರೂ ಮೀಟರ್ ಹಿಡಿದು ನೋಡಿದಿರಾ?" ನಾವ್ಯಾರೂ ನೋಡಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ರೋಗ ಎಲ್ಲಿದೆ ಎಂದು ನೋಡದೆ ಬ್ಯಾಟರಿಗೇ ಬರೆ ಹಾಕಿದ್ದೆವು.

ಈ ತಪ್ಪು ಡೀಸೆಲ್ ಗಾಡಿಯಲ್ಲಿ ಯಾಕೆ ಸುಲಭವಾಗಿ ಆಗುತ್ತದೆ ಕೇಳಿ. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು, ಕಿಡಿಗೆ ಕರೆಂಟು ಬೇಕು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿದ ಬಿಸಿಗೇ ಇಂಧನ ಹೊತ್ತುತ್ತದೆ. ಹಾಗಾಗಿ ಬಹುಪಾಲು ಸಣ್ಣ ಟ್ರ್ಯಾಕ್ಟರುಗಳು ಒಮ್ಮೆ ಶುರುವಾದರೆ ಚಾರ್ಜಿಂಗ್ ಪೂರಾ ನಿಂತಿದ್ದರೂ ಸಂಜೆಯವರೆಗೆ ಓಡುತ್ತವೆ. ಬ್ಯಾಟರಿಗೆ ದಿನವಿಡೀ ತುತ್ತು ಸಿಕ್ಕಿಲ್ಲ ಎಂಬುದು ಗೊತ್ತಾಗುವುದು ಮರುದಿನ ಬೆಳಿಗ್ಗೆ, ಸೆಲ್ಫ್ ಹೊಡೆದಾಗ. ತಪ್ಪು ನಿನ್ನೆಯದು, ಬೈಗುಳ ಇವತ್ತಿನ ಬ್ಯಾಟರಿಗೆ.

ಬ್ಯಾಟರಿ ಎಂದರೆ ನೀರಿನ ತೊಟ್ಟಿ ಅಂದುಕೊಳ್ಳಿ. ಸೆಲ್ಫ್ ಹೊಡೆದಾಗ ಒಂದೇ ಸಲಕ್ಕೆ ಕೊಡಗಟ್ಟಲೆ ಖರ್ಚು. ಮತ್ತೆ ತುಂಬುವ ಪಂಪು ಆಲ್ಟರ್ನೇಟರ್. ಊರಲ್ಲಿ ಈಗಲೂ ಡೈನಮೋ ಎನ್ನುತ್ತಾರೆ. ಎಂಜಿನ್ ಬೆಲ್ಟು ಅದನ್ನು ತಿರುಗಿಸುತ್ತದೆ. ಪಂಪಿನಿಂದ ತೊಟ್ಟಿಗೆ ಬರುವ ಪೈಪು ಎಂದರೆ ವೈರು ಮತ್ತು ಅದರ ತುದಿಯ ಲಗ್ಗು. ತೊಟ್ಟಿ ಬರಿದಾದಾಗ ತೊಟ್ಟಿ ಒಡೆದಿದೆಯೋ, ಪಂಪು ಕೆಟ್ಟಿದೆಯೋ, ಪೈಪು ಕಟ್ಟಿದೆಯೋ ಎಂದು ನೋಡಬೇಕಲ್ಲವೇ? ನಾವು ಬರೀ ತೊಟ್ಟಿ ಬದಲಿಸುತ್ತಾ ಹೋದೆವು.

ನೋಡಲು ಬೇಕಾದದ್ದು ಒಂದು ಮಲ್ಟಿಮೀಟರ್. ಕೋಠಿಯ ಗುಜರಾತಿ ಗಲ್ಲಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಡಿ.ಸಿ. 20 ವೋಲ್ಟಿಗೆ ಇಟ್ಟು, ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಕಡ್ಡಿ ಮೈನಸ್ಸಿಗೆ ಮುಟ್ಟಿಸಬೇಕು. ಮೂರು ಹೊತ್ತಿನಲ್ಲಿ ಮೂರು ಅಂಕಿ ಬರೆದುಕೊಳ್ಳಬೇಕು.

ಮೊದಲನೆಯದು ಬೆಳಿಗ್ಗೆ, ಕೀಲಿ ತಿರುಗಿಸುವ ಮುಂಚೆ. ತುಂಬಿದ ಬ್ಯಾಟರಿ 12.6 ವೋಲ್ಟಿನ ಆಸುಪಾಸು ತೋರಿಸುತ್ತದೆ. 12.2 ಎಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗೆ ಎಂದರೆ ಹೆಚ್ಚುಕಡಿಮೆ ಖಾಲಿ. ಖಾಲಿ ಎಂದ ಮಾತ್ರಕ್ಕೆ ಕೆಟ್ಟಿದೆ ಎಂದಲ್ಲ, ಹಸಿದಿದೆ ಎಂದು. ಮೊದಲು ಹೊರಗಿನ ಚಾರ್ಜರಿನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ, ಆಮೇಲೆ ತೀರ್ಪು ಕೊಡಿ.

ಎರಡನೆಯದು ಸೆಲ್ಫ್ ಹೊಡೆಯುವಾಗ. ಒಬ್ಬರು ಸೀಟಿನಲ್ಲಿ ಕೂತು, ಗೇರು ನ್ಯೂಟ್ರಲ್ ಮಾಡಿ, ಕ್ಲಚ್ ಒತ್ತಿ ಕೀಲಿ ತಿರುಗಿಸಲಿ. ಇನ್ನೊಬ್ಬರು ಗಾಲಿಯ ದಾರಿಯಿಂದ ಸರಿದು ನಿಂತು ಮೀಟರ್ ನೋಡಲಿ. ಚಾರ್ಜ್ ಆದ ಬ್ಯಾಟರಿ ಆಗಲೂ ಸುಮಾರು 10 ವೋಲ್ಟಿನ ಮೇಲೆಯೇ ನಿಲ್ಲಬೇಕು. ಪೂರ್ತಿ ಚಾರ್ಜ್ ಮಾಡಿಸಿದ ಮೇಲೂ ಎಂಟು, ಏಳಕ್ಕೆ ಕುಸಿದರೆ ಬ್ಯಾಟರಿಯ ಆಯಸ್ಸು ಮುಗಿದಿರಬಹುದು. ಅಂಕಿ 12ರ ಮೇಲೆಯೇ ಇದ್ದು ಸೆಲ್ಫ್ ಬರೀ "ಟಕ್" ಅಂದರೆ, ಅಥವಾ ಸದ್ದೇ ಇಲ್ಲದಿದ್ದರೆ ತಪ್ಪು ಬ್ಯಾಟರಿಯದಲ್ಲ. ಟರ್ಮಿನಲ್ಲು, ಅರ್ಥ್ ಪಟ್ಟಿ, ಫ್ಯೂಸು, ಕ್ಲಚ್ ಅಥವಾ ನ್ಯೂಟ್ರಲ್ ಸ್ವಿಚ್ಚು, ಸೆಲ್ಫಿನ ಸೊಲೆನಾಯ್ಡು, ಇವುಗಳಲ್ಲಿ ಹುಡುಕಿ.

ಮೂರನೆಯದು ಎಂಜಿನ್ ಸಾಧಾರಣ ವೇಗದಲ್ಲಿ ಓಡುವಾಗ. ಅಂಕಿ ಏರಿ 13.8ರಿಂದ 14.4ರ ನಡುವೆ ನಿಂತರೆ ಬ್ಯಾಟರಿಗೆ ಊಟ ಸಿಗುತ್ತಿದೆ. ಏರದೆ ಮೊದಲಿನಷ್ಟೇ ಇದ್ದರೆ ಸಿಗುತ್ತಿಲ್ಲ. 15 ದಾಟಿದರೆ ಅತಿಯಾಯಿತು. ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರು ಕುದಿಸುತ್ತಿದೆ.

ಒಂದು ಭಾನುವಾರ ಮೀಟರನ್ನು ಚೀಲದಲ್ಲಿ ಹಾಕಿಕೊಂಡು ಊರಿಗೆ ಹೋದೆ. ಕಾಕಾ ಕಾಲಿಗೆ ಪಟ್ಟಿ ಕಟ್ಟಿಕೊಂಡು ಬಾಜಿನ ಮೇಲೆ ಕೂತಿದ್ದರು. "ರೇಡಿಯೋದವರು ಬಂದ್ರು, ಇನ್ನ ಟ್ರ್ಯಾಕ್ಟರ್ ಹಾಡ್ತದ" ಎಂದು ನಕ್ಕರು. ಅವರ ಮಗ, ನನ್ನ ತಮ್ಮ, ಬ್ಯಾಟರಿ ಚಾರ್ಜ್ ಮಾಡಿಸಿ ತಂದಿಟ್ಟಿದ್ದ. ನಿಂತಾಗ 12.6. ಸೆಲ್ಫ್ ಹೊಡೆದಾಗ 10.8. ಬ್ಯಾಟರಿ ಗಟ್ಟಿಯಾಗಿದೆ. ಎಂಜಿನ್ ಓಡುವಾಗ 12.4! ಏರಲೇ ಇಲ್ಲ. "ಕಾಕಾ, ಚಾರ್ಜಿನ ಕೆಂಪು ಲೈಟು ಹತ್ತಿ ಆರ್ತದೇನ್ರಿ?" ಎಂದೆ. "ಬರೋಬ್ಬರಿ ಆರ್ತದವ್ವಾ. ಅದಕ್ಕೇ ಡೈನಮೋ ಚಲೋ ಅದ ಅಂತ ಬಿಟ್ಟಿದ್ದೆ" ಅಂದರು.

ಎಲೆಕ್ಟ್ರಿಷಿಯನ್ ಬರೆಸಿದ್ದ ನಾಲ್ಕನೆಯ ಅಂಕಿ ಆಗ ನೆನಪಾಯಿತು. ಬ್ಯಾಟರಿ ಬಿಟ್ಟು ಆಲ್ಟರ್ನೇಟರಿನ ಬೆನ್ನಿಗಿರುವ ದಪ್ಪ ವೈರಿನ ಬೋಲ್ಟಿಗೇ ಕೆಂಪು ಕಡ್ಡಿ ಮುಟ್ಟಿಸಿ ನೋಡುವುದು, ಕೈ ಮತ್ತು ಸೆರಗು ಬೆಲ್ಟಿನಿಂದ ದೂರ ಇಟ್ಟು. ಅಲ್ಲಿ 14.5. ಪಂಪು ನೀರು ಎತ್ತುತ್ತಿದೆ, ತೊಟ್ಟಿಗೆ ಬರುತ್ತಿಲ್ಲ. ಎಂಜಿನ್ ಆರಿಸಿ, ಬ್ಯಾಟರಿಯ ಮೈನಸ್ ಬಿಚ್ಚಿ, ತಮ್ಮ ಆ ವೈರಿನ ಉದ್ದಕ್ಕೂ ಬೆರಳಾಡಿಸುತ್ತಾ ಹೋದ. ಕೆಸರು ಮೆತ್ತಿದ ಒಂದು ಜೋಡಣೆಯಲ್ಲಿ ಲಗ್ಗು ಹಸಿರು ಪುಡಿಯಾಗಿ ಉದುರಿತು. ಕೆಂಪು ಲೈಟು ಸುಳ್ಳು ಹೇಳಿರಲಿಲ್ಲ. ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ ಎಂದಷ್ಟೇ ಅದು ಹೇಳುತ್ತದೆ. ಮಾಡಿದ್ದು ಬ್ಯಾಟರಿಗೆ ಮುಟ್ಟಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹೊಸ ಲಗ್ಗು, ಗೇಣುದ್ದ ವೈರು ಹಾಕಿದ ಮೇಲೆ ಬ್ಯಾಟರಿಯ ಮೇಲೆ 14.1 ಬಂತು. ಕಾಕಾ ಮೀಟರನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಇಷ್ಟಕ್ಕs ಕಾಲು ಕೊಟ್ಟೆನಲ್ಲವ್ವಾ" ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ನಿಮ್ಮ ಗಾಡಿಯಲ್ಲಿ ಕಾರಣ ಬೇರೆ ಇರಬಹುದು. ಬೆಲ್ಟು ಸಡಿಲವಾಗಿದ್ದರೂ ಚಾರ್ಜ್ ಆಗದು. ಎಂಜಿನ್ ಆರಿಸಿ, ಬೆಲ್ಟಿನ ನಡುವೆ ಹೆಬ್ಬೆರಳು ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಬಗ್ಗಿದರೆ ಸಾಕು. ಕೀಲಿ ತಿರುಗಿಸಿದಾಗ ಚಾರ್ಜಿನ ಕೆಂಪು ಲೈಟು ಹತ್ತದೇ ಇದ್ದರೆ ಅದನ್ನೂ ಬಿಡಬೇಡಿ. ಹಲವು ಗಾಡಿಗಳಲ್ಲಿ ಆ ಬಲ್ಬಿನ ಮೂಲಕ ಹೋಗುವ ಸಣ್ಣ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುತ್ತದೆ. ಚಾರ್ಜಿಂಗ್ ಸರಿ ಇದ್ದೂ ರಾತ್ರಿ ಕಳೆಯುವುದರೊಳಗೆ ಬ್ಯಾಟರಿ ಇಳಿದರೆ ಯಾವುದೋ ವೈರು ಕದ್ದು ಕುಡಿಯುತ್ತಿದೆ. ಕೀಲಿ ತೆಗೆದು, ಮೈನಸ್ ಕೇಬಲ್ ಬಿಚ್ಚಿ, ಕೇಬಲಿಗೂ ಬ್ಯಾಟರಿಗೂ ನಡುವೆ ಒಂದು 12 ವೋಲ್ಟಿನ ಸಣ್ಣ ಬಲ್ಬು ಹಿಡಿಯಿರಿ. ಬಲ್ಬು ಹತ್ತಿದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳಿ. ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ ಕಳ್ಳ ಅಲ್ಲಿದ್ದಾನೆ. ಮತ್ತೆ, ಹುಡುಗರು ಹಾಕಿಸುವ ಹೆಚ್ಚಿನ ಲೈಟು, ಹಾಡಿನ ಪೆಟ್ಟಿಗೆಯ ಲೆಕ್ಕವೂ ಇರಲಿ. 55 ವಾಟಿನ ಎರಡು ಲೈಟು ಸುಮಾರು 9 ಆಂಪಿಯರ್ ಎಳೆಯುತ್ತವೆ. ಸಣ್ಣ ಗಾಡಿಯ ಆಲ್ಟರ್ನೇಟರೂ ಸಣ್ಣದೇ.

ಈಗ ಕೆಲವು ಎಚ್ಚರಿಕೆಯ ಮಾತು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ. ಹತ್ತಿರ ಬೀಡಿ, ಬೆಂಕಿ ಬೇಡ, ಪಾನಾ ಮುಟ್ಟಿಸಿ ಕಿಡಿ ನೋಡುವುದೂ ಬೇಡ. ಎಂಜಿನ್ ಓಡುವಾಗ ಟರ್ಮಿನಲ್ ಕಿತ್ತು ಡೈನಮೋ ಪರೀಕ್ಷೆ ಮಾಡುವ ಹಳೆಯ ರೂಢಿ ಆಲ್ಟರ್ನೇಟರಿನ ಡಯೋಡುಗಳನ್ನು ಸುಟ್ಟುಬಿಡಬಹುದು. ಲಾರಿಯಿಂದ ವೈರು ಹಚ್ಚುವ ಮುಂಚೆ ಕೇಳಿಕೊಳ್ಳಿ. ಎಷ್ಟೋ ಲಾರಿಗಳು 24 ವೋಲ್ಟಿನವು, ನಮ್ಮದು 12. ನೀರು ಕಡಿಮೆಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬೋರಿನ ನೀರಲ್ಲ, ಆ್ಯಸಿಡ್ಡೂ ಅಲ್ಲ. ಟರ್ಮಿನಲ್ಲಿನ ಬಿಳಿ, ಹಸಿರು ಹೂವನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗದಂತೆ ಮುಚ್ಚಳ ಬಿಗಿಯಿರಲಿ. ಕೆಲಸವಿಲ್ಲದ ತಿಂಗಳುಗಳಲ್ಲಿ ಮೈನಸ್ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಸೀಸದ ಬ್ಯಾಟರಿ ಬಹಳ ದಿನ ಹಸಿದು ಕೂತರೆ ಮತ್ತೆ ತುಂಬಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ಕೊನೆಯದಾಗಿ ಸ್ಕ್ರೂಡ್ರೈವರಿನ ಮಾತು. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಎಲೆಕ್ಟ್ರಿಕ್ ಸೆಲ್ಫ್ ಬಂತು. ಅದಕ್ಕೂ ಮುಂಚೆ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸಬೇಕಿತ್ತು, ಆ ಹ್ಯಾಂಡಲ್ ತಿರುಗಿ ಹೊಡೆದು ಎಷ್ಟೋ ಜನರ ಕೈ ಮುರಿದಿತ್ತು. ಮನುಷ್ಯ ಸೀಟಿನಲ್ಲಿ ಕೂತೇ ಗಾಡಿ ಶುರುಮಾಡಲಿ ಎಂದು ಬಂದ ಸಾಧನ ಅದು. ಗೇರಿನಲ್ಲಿದ್ದಾಗ ಗಾಡಿ ಎದ್ದು ಓಡದಿರಲಿ ಎಂದೇ ಕ್ಲಚ್ಚಿಗೋ ಗೇರಿಗೋ ಒಂದು ಸ್ವಿಚ್ಚು ಇಟ್ಟಿರುತ್ತಾರೆ. ಕೆಳಗೆ ನಿಂತು ಬೋಲ್ಟು ಕೂಡಿಸಿದರೆ ಆ ಕಾವಲು ತಪ್ಪುತ್ತದೆ. ಹದ ಒಂದು ದಿನ ತಪ್ಪಿದರೂ ತಪ್ಪಲಿ, ಅದನ್ನು ಮಾತ್ರ ಮಾಡಬೇಡಿ, ಮಾಡುವವರನ್ನು ಕಂಡರೆ ತಡೆಯಿರಿ.

ಕಾಕಾ ಈಗ ಸ್ವಲ್ಪ ಕುಂಟುತ್ತಾ ನಡೆಯುತ್ತಾರೆ. ಆ ಮೀಟರ್ ಅವರ ಮನೆಯ ಗೂಟಕ್ಕೆ ನೇತಾಡುತ್ತಿದೆ. ಓಣಿಯಲ್ಲಿ ಯಾರ ಗಾಡಿ ನಿಂತರೂ ಮೊದಲು ಅವರನ್ನೇ ಕರೆಯುತ್ತಾರೆ. ಈ ಭಾನುವಾರ ಊರಿಗೆ ಹೋಗುವವರು ಹಣದ ಜೊತೆ ಒಂದು ಮೀಟರನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಮೂರು ಅಂಕಿ ಬರೆದುಕೊಂಡ ಮೇಲೆಯೇ ಹೊಸ ಬ್ಯಾಟರಿಯ ಮಾತು.