ಹದಿನೈದು ಸೆಕೆಂಡಿನ ಅಲ್ಯೂಮಿನಿಯಂ



ಕೊಡಗಿನ ಹುಳಿ ಮಣ್ಣಿನ ಅಂಗಳದಲ್ಲಿ ಹೈಡ್ರೇಂಜಿಯಾ ನೀಲಿಯಾಗಿ ಅರಳುತ್ತದೆ. ಬುಡಕ್ಕೆ ಸುಣ್ಣ ಹಾಕುತ್ತ ಬಂದರೆ ಹೂವು ಗುಲಾಬಿಗೆ ತಿರುಗುತ್ತದೆ. ಆ ನೀಲಿಗೆ ಕಾರಣವಾದ ಅಲ್ಯೂಮಿನಿಯಂ ಮಣ್ಣಿನಲ್ಲಿ ಒಟ್ಟು ಇದ್ದಷ್ಟೇ ಇದೆ; ಬೇರಿಗೆ ದಕ್ಕುವ ರೂಪ ಬದಲಾಗಿದೆ. ಈ ಎರಡು ದಿನದ ಗೋಷ್ಠಿಗಳ ಮಾತೆಲ್ಲ ಆ 'ರೂಪ' ಎಂಬ ಪದದ ಸುತ್ತ.

ಮಣ್ಣಿನ ಹುಳಿಯ ಅಧ್ಯಯನ ಒಮ್ಮೆ ದಾರಿ ತಪ್ಪಿತ್ತು. ಹುಳಿ ಮಣ್ಣನ್ನು ಉಪ್ಪುನೀರಿನಲ್ಲಿ ಕಲಕಿದರೆ ಅಲ್ಯೂಮಿನಿಯಂ ಹೊರಬರುತ್ತದೆಂದು ಅಮೆರಿಕದ ಸಂಶೋಧಕ ವೀಚ್ 20ನೇ ಶತಮಾನದ ಆರಂಭದಲ್ಲೇ ಕಂಡಿದ್ದರು. ಆಮೇಲೆ ಹುಳಿಗೆಲ್ಲ ಹೈಡ್ರೋಜನ್ ಅಯಾನೇ ಕಾರಣವೆಂಬ ವಾದ ಮೇಲುಗೈ ಪಡೆಯಿತು. 1934ರಲ್ಲಿ ಪೇವರ್ ಮತ್ತು ಮಾರ್ಷಲ್, 1950ರ ದಶಕದಲ್ಲಿ ಕೋಲ್ಮನ್ ಬಳಗ ಅಲ್ಯೂಮಿನಿಯಂ ಅನ್ನು ಮತ್ತೆ ಮುಂದಕ್ಕೆ ತಂದರು. ಈ ಸುತ್ತಾಟವನ್ನು ಮಣ್ಣುವಿಜ್ಞಾನಿ ಹ್ಯಾನ್ಸ್ ಯೆನ್ನಿ 1961ರ ಲೇಖನವೊಂದರಲ್ಲಿ ಜಾತ್ರೆಯ ತಿರುಗುಕುದುರೆಗೆ ಹೋಲಿಸಿದರು. ಮುಂದಿನ ಕಥೆಯನ್ನು ಬರೆದವರಲ್ಲಿ ಹಲವರು ಈ ಸಭೆಯಲ್ಲೇ ಕುಳಿತಿದ್ದಾರೆ. ಅವರ ಮುಂದೆ ಅದನ್ನು ಒಪ್ಪಿಸುವುದು ಸಲ್ಲದು.

ಆದರೆ ಆ ಕುದುರೆ ಇನ್ನೂ ನಿಂತಿಲ್ಲ. ಮಣ್ಣಿನಿಂದ ಅಲ್ಯೂಮಿನಿಯಂ ತೆಗೆಯುವ ದ್ರಾವಣದ ಹೆಸರನ್ನೇ ಅದರ ರೂಪದ ಹೆಸರೆಂದು ನಂಬಿದ್ದು ಈಗಿನ ತಪ್ಪು. ಪೊಟ್ಯಾಸಿಯಂ ಕ್ಲೋರೈಡ್ ತೆಗೆದದ್ದು 'ವಿನಿಮಯಶೀಲ', ಆಕ್ಸಲೇಟ್ ತೆಗೆದದ್ದು 'ಅಸ್ಫಟಿಕ', ಪೈರೋಫಾಸ್ಫೇಟ್ ತೆಗೆದದ್ದು 'ಸಾವಯವ'. ಪೈರೋಫಾಸ್ಫೇಟ್ ಖನಿಜದ ನುಣ್ಣನೆಯ ಕಣಗಳನ್ನೂ ಚದುರಿಸಿ ಸೋಸುಕಾಗದ ದಾಟಿಸುತ್ತದೆ. ವರದಿಯಲ್ಲಿ ಆ ಕಣಗಳಿಗೂ ಸಾವಯವದ ಪಟ್ಟ.

ಪ್ರಯೋಗಾಲಯದ ಮೇಜಿನ ಮುಂದೆ ಒಂದು ಗಳಿಗೆ ನಿಲ್ಲೋಣ. ಮಣ್ಣಿನೊಡನೆ ಕಲಕಿ ಸೋಸಿದ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣಕ್ಕೆ ಫೀನಾಲ್ಫ್ತಲೀನ್ ಹಾಕಿ, ಗುಲಾಬಿ ಬಣ್ಣ ನಿಲ್ಲುವವರೆಗೆ ಕ್ಷಾರ ತೊಟ್ಟಿಕ್ಕಿಸುತ್ತಾರೆ. ಬಳಿಕ ಸೋಡಿಯಂ ಫ್ಲೋರೈಡ್ ಸೇರಿಸುತ್ತಾರೆ. ಫ್ಲೋರೈಡ್ ಅಲ್ಯೂಮಿನಿಯಂ ಅನ್ನು ಕಟ್ಟಿಕೊಂಡು ಕ್ಷಾರವನ್ನು ಬಿಟ್ಟುಕೊಡುತ್ತದೆ, ಗುಲಾಬಿ ಗಾಢವಾಗುತ್ತದೆ. ಅದು ಅಳಿಯಲು ಬೇಕಾದ ಆಮ್ಲವೇ ಅಲ್ಯೂಮಿನಿಯಂನ ಲೆಕ್ಕ. ಎಷ್ಟು ಸೊಗಸಾದ ವಿಧಾನ! ಇಂಥ ಅಂಕಿಯನ್ನೇ ಹಿಡಿದು ಮಣ್ಣುವಿಜ್ಞಾನಿ ಕಾಂಪ್ರಾತ್ 1970ರಲ್ಲಿ ಸುಣ್ಣದ ಪ್ರಮಾಣ ಲೆಕ್ಕ ಹಾಕುವ ದಾರಿ ತೋರಿಸಿದರು. ಅದರ ಉಪಕಾರ ದೊಡ್ಡದು.

ಹಾಗಿದ್ದೂ ಅಳೆದದ್ದು ಯಾವ ರೂಪವೆಂಬ ಪ್ರಶ್ನೆ ಉಳಿಯುತ್ತದೆ. 1983ರಲ್ಲಿ ಜೇಮ್ಸ್, ಕ್ಲಾರ್ಕ್, ರೀಹಾ ಮಣ್ಣಿನ ನೀರಿಗೆ ಅಲ್ಯೂಮಿನಿಯಂ ಅನ್ನು ಹಿಡಿಯುವ 8-ಹೈಡ್ರಾಕ್ಸಿಕ್ವಿನೊಲಿನ್ ಬೆರೆಸಿ ಹದಿನೈದೇ ಸೆಕೆಂಡಿನಲ್ಲಿ ಪ್ರತಿಕ್ರಿಯಿಸಿದ್ದನ್ನು ಅಳೆದರು. ಅಷ್ಟು ಬೇಗ ಸಿಕ್ಕಿಬೀಳುವುದು ಬೇರಿಗೆ ವಿಷವಾಗುವ ಬಿಡಿ ಅಲ್ಯೂಮಿನಿಯಂ ಎಂಬುದು ತರ್ಕ. ಹದಿನಾರನೆಯ ಸೆಕೆಂಡಿನಲ್ಲಿ ಸಿಗುವುದು ಬೇರಿಗೆ ನಿರಪಾಯವೇ? ಸಾವಯವ ಆಮ್ಲದ ಸಡಿಲ ಹಿಡಿತದಲ್ಲಿದ್ದ ಅಯಾನನ್ನು ಆ ರಾಸಾಯನಿಕವೇ ಕಿತ್ತು ತಂದಿರಲಾರದೇ? ನಾವು ಕಂಡದ್ದು ಇದ್ದದ್ದನ್ನೋ, ಅಳೆಯುವಾಗ ಹುಟ್ಟಿದ್ದನ್ನೋ?

ಬೇರು ಗಡಿಯಾರ ನೋಡುವುದಿಲ್ಲ. ಅಲ್ಯೂಮಿನಿಯಂ ಸಹಿಸುವ ಗೋಧಿ ತಳಿಗಳು ಬೇರಿನ ತುದಿಯಿಂದ ಮ್ಯಾಲೇಟ್ ಎಂಬ ಸಾವಯವ ಆಮ್ಲ ಸುರಿಸಿ ವಿಷವನ್ನು ಹೊರಗೇ ಕಟ್ಟಿಹಾಕುತ್ತವೆ. ಚಹಾ ಗಿಡ ಅದನ್ನು ಹೀರಿ ಹಳೆಯ ಎಲೆಗಳಲ್ಲಿ ಕೂಡಿಡುತ್ತದೆ. ಒಂದೇ ಅಂಕಿ ಇವೆರಡಕ್ಕೂ ಒಂದೇ ಅರ್ಥ ಕೊಡದು.

ಮಲೆನಾಡಿನ ಕಾಫಿ ತೋಟದಲ್ಲಿ ನೆರಳುಮರದ ದರಗು ಕೊಳೆತು ಮೇಲ್ಮಣ್ಣು ಸಾವಯವದಿಂದ ತುಂಬಿರುತ್ತದೆ. ಆ ಸಾವಯವ ಅಲ್ಯೂಮಿನಿಯಂ ಅನ್ನು ಹಿಡಿದಿಡುವುದರಿಂದ, ರಸಸಾರ ಅಷ್ಟೇ ಇರುವ ಬೋಳುಗುಡ್ಡದ ಮಣ್ಣಿಗಿಂತ ಅಲ್ಲಿ ಬೇರಿಗೆ ಅಪಾಯ ಕಡಿಮೆ ಇರಬಹುದು. ಬರೀ ರಸಸಾರ ನೋಡಿ ಎರಡಕ್ಕೂ ಒಂದೇ ಸುಣ್ಣ ಬರೆದುಕೊಟ್ಟರೆ ತೋಟಗಾರನ ಹಣಕ್ಕೆ ನ್ಯಾಯ ಸಿಗುವುದಿಲ್ಲ.

ಗೋಷ್ಠಿಗಳ ಅಧ್ಯಕ್ಷತೆ ವಹಿಸುವವರಲ್ಲಿ ಒಂದು ಕೋರಿಕೆಯಿದೆ. ಪ್ರತಿ ಪ್ರಬಂಧದಲ್ಲೂ ಮಣ್ಣು ಹಸಿಯಾಗಿತ್ತೇ, ಒಣಗಿಸಿದ್ದೇ, ಎಷ್ಟು ಹೊತ್ತು ಕಲಕಿದ್ದು, ಯಾವ ಸೋಸುಕಾಗದ ಎಂಬುದನ್ನು ಮೊದಲು ಕೇಳಿ. ಅಂಕಿ ಆಮೇಲೆ ಬರಲಿ.