ಚೀಟಿಯ ಬೆನ್ನಿನ ವಿಳಾಸ

ಪದವಿಪತ್ರಕ್ಕೆ ಗಾಜಿನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ದಿನದಿಂದಲೇ ಅದರೊಳಗಿನ ವಿದ್ಯೆ ಹಳತಾಗತೊಡಗುವ ವೃತ್ತಿಗಳಲ್ಲಿ ಇಂಜಿನಿಯರನದೂ ಒಂದು; ಅದನ್ನು ಹೊಸದಾಗಿಸಿಕೊಳ್ಳಲು ಅವನು ಗ್ರಂಥಾಲಯಕ್ಕೆ ಮರಳಬೇಕು, ಆದರೆ ಅವನಿಗೆ ಕಾಲವೇ ಕಡಿಮೆ. ಓದುಗನ ಕಾಲವನ್ನು ಉಳಿಸತಕ್ಕದ್ದೆಂದು 1931ರ ತಮ್ಮ ಗ್ರಂಥಾಲಯ ವಿಜ್ಞಾನದ ಪಂಚಸೂತ್ರಗಳಲ್ಲಿ ವಿಧಿಸಿದ ಎಸ್. ಆರ್. ರಂಗನಾಥನ್ ಅವರು, ಗಣಿತದ ಅಧ್ಯಾಪನವನ್ನು ಬಿಟ್ಟು ಗ್ರಂಥಾಲಯಕ್ಕೆ ಬಂದವರಾದುದರಿಂದಲೋ ಏನೋ, ಕಾಲದ ಲೆಕ್ಕವನ್ನು ಬಲ್ಲವರಾಗಿದ್ದರು.

ಆ ಸೂತ್ರ ಇಂದಿಗೂ ಬಾಳುತ್ತಿರುವುದನ್ನು ಕಾಲೇಜೊಂದರ ಗ್ರಂಥಾಲಯದಲ್ಲಿ ಕಂಡೆನು. ಸೇತುವೆಗಳ ಕೆಲಸದಲ್ಲಿಯೇ ತಲೆ ನರೆತ ಹಿರಿಯರೊಬ್ಬರು ಕಂಪ್ಯೂಟರಿನ ಮುಂದೆ ಕುಳಿತು ‘ಕಂಪನ’ವೆಂಬ ಒಂದೇ ಪದವನ್ನು ಹುಡುಕಲು, ಭೂಕಂಪದಿಂದ ಹಿಡಿದು ಹೃದಯದ ಮಿಡಿತದವರೆಗೆ ಸಹಸ್ರಾರು ಲೇಖನಗಳು ಬಂದು ಮುತ್ತಿದವು; ಗ್ರಂಥಪಾಲಕಿಯು ಪಕ್ಕಕ್ಕೆ ಕುರ್ಚಿಯೆಳೆದುಕೊಂಡು, “ಯಾವ ಸೇತುವೆ ಸಾರ್, ಉಕ್ಕಿನದೋ ಕಾಂಕ್ರೀಟಿನದೋ?” ಎಂದು ಕೇಳುತ್ತ, ಪದಕ್ಕೆ ಪದವನ್ನು ಹೆಣೆದು, ಆ ರಾಶಿಯನ್ನು ಹನ್ನೆರಡಕ್ಕೆ ಇಳಿಸಿ, ಇನ್ನು ಮುಂದೆ ಆ ವಿಷಯದ ಹೊಸ ಲೇಖನ ಪ್ರಕಟವಾದೊಡನೆ ಅವರ ಇಮೇಲಿಗೆ ಸೂಚನೆ ಬರುವಂತೆ ಏರ್ಪಡಿಸಿದರು.

ಗ್ರಂಥಾಲಯದ ಹೊರಗೂ ಇಂಥ ಓದಿಗೆ ದಾರಿಗಳುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2002ರಲ್ಲಿಯೇ ತನ್ನ ವಿದ್ವಾಂಸರ ಲೇಖನಗಳಿಗಾಗಿ ಮುಕ್ತ ಡಿಜಿಟಲ್ ಭಂಡಾರವೊಂದನ್ನು ತೆರೆಯಿತು; 2003ರಲ್ಲಿ ಆರಂಭವಾದ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಇಂಜಿನಿಯರಿಂಗ್ ಪಾಠಗಳ ಯೋಜನೆಯ ಉಪನ್ಯಾಸಗಳನ್ನು ಮನೆಯಲ್ಲಿಯೇ ಕುಳಿತು ಕೇಳಬಹುದು. ಹಣ ತೆತ್ತು ತರಿಸುವ ಪತ್ರಿಕೆಗಳ ಮಾತು ಬೇರೆ: ಕಾಲೇಜನ್ನು ಬಿಟ್ಟವನ ಪಾಸ್‌ವರ್ಡು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುವುದು; ಕಲಿಕೆ ನಿಜವಾಗಿ ಬೇಕಾಗುವ ಹೊತ್ತಿಗೇ ಬಾಗಿಲಿಕ್ಕುವ ಈ ಪದ್ಧತಿ ನನಗಂತೂ ಒಪ್ಪಿಗೆಯಿಲ್ಲ. ಅದನ್ನು ಅರಿತೇ ಆ ಗ್ರಂಥಪಾಲಕಿಯು, ಹಿರಿಯರು ಏಳುವ ಮುನ್ನ, ಮುಕ್ತ ಭಂಡಾರಗಳ ವಿಳಾಸಗಳನ್ನು ಹಳೆಯ ಸೂಚಿಪತ್ರದ ಚೀಟಿಯೊಂದರ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದುಕೊಟ್ಟರು.