ಏಟಿನ ಗುರುತೋ, ಹುಟ್ಟಿನಿಂದ ಬಂದ ರೋಗವೋ?



ಮಾತು ಬಾರದ ಹಸುಗೂಸಿನ ಮೈಮೇಲೆ ಕಂಡ ನೀಲಿ ಕಲೆ, ಎಕ್ಸ್-ರೇ ಚಿತ್ರದಲ್ಲಿ ತೋರಿದ ಮೂಳೆಯ ಮುರಿತ ವೈದ್ಯರನ್ನು ಕಠಿಣ ಪ್ರಶ್ನೆಯೊಂದರ ಎದುರು ನಿಲ್ಲಿಸುತ್ತವೆ. ಇದು ಯಾರೋ ಹೊಡೆದುದರ ಫಲವೇ, ಅಥವಾ ಆನುವಂಶಿಕ ರೋಗದ ಲಕ್ಷಣವೇ? ರೋಗವನ್ನು ಹಿಂಸೆಯೆಂದು ಭಾವಿಸಿದರೆ ನಿರಪರಾಧಿಗಳಾದ ತಂದೆತಾಯಿಗಳು ಆರೋಪಕ್ಕೆ ಗುರಿಯಾಗುತ್ತಾರೆ, ಮಗುವಿಗೆ ತಕ್ಕ ಚಿಕಿತ್ಸೆಯೂ ತಪ್ಪುತ್ತದೆ. ಹಿಂಸೆಯನ್ನು ರೋಗವೆಂದು ಭಾವಿಸಿದರೆ ಮಗು ಮರಳಿ ಹಿಂಸಕನ ಕೈಸೇರುತ್ತದೆ.

1962ರಲ್ಲಿ ಅಮೆರಿಕದ ಮಕ್ಕಳ ತಜ್ಞ ಡಾ. ಹೆನ್ರಿ ಕೆಂಪ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಲೇಖನವು ಮನೆಯೊಳಗಿನ ಹಿಂಸೆಯ ಕಡೆಗೆ ವೈದ್ಯ ಸಮುದಾಯದ ಕಣ್ಣು ತೆರೆಸಿತು. ಆ ಎಚ್ಚರ ಇಂದಿಗೂ ಅವಶ್ಯಕ. ಅದರ ಜೊತೆಗೆ, ಏಟಿನಂತೆಯೇ ತೋರುವ ಕೆಲವು ರೋಗಗಳ ಅರಿವೂ ಇರಬೇಕು.

ಇವುಗಳಲ್ಲಿ ಮುಖ್ಯವಾದುದು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಅಂದರೆ ಪೆಡಸು ಮೂಳೆಯ ರೋಗ. ಸುಮಾರು 15ರಿಂದ 20 ಸಾವಿರ ಜನನಗಳಲ್ಲಿ ಒಂದು ಮಗುವಿಗೆ ಇದು ಬರುತ್ತದೆ. ಮೂಳೆಗೆ ಬಲ ನೀಡುವ ಕೊಲ್ಯಾಜನ್ ಎಂಬ ಪ್ರೋಟೀನಿನ ದೋಷವೇ ಇದಕ್ಕೆ ಸಾಮಾನ್ಯ ಕಾರಣ. ಬಟ್ಟೆ ತೊಡಿಸುವಾಗ, ಎತ್ತಿಕೊಳ್ಳುವಾಗ ಸಹ ಮೂಳೆ ಮುರಿಯಬಹುದು. ಹಲವರಲ್ಲಿ ಕಣ್ಣಿನ ಬಿಳಿಭಾಗ ನೀಲಿಯಾಗಿರುತ್ತದೆ, ಆದರೆ ಎಲ್ಲರಲ್ಲಿಯೂ ಅಲ್ಲ. ಜೀನಿನ ದೋಷವು ಮಗುವಿನಲ್ಲಿಯೇ ಹೊಸದಾಗಿ ಉಂಟಾಗಬಹುದಾದ್ದರಿಂದ, ವಂಶದಲ್ಲಿ ಯಾರಿಗೂ ಇಲ್ಲವೆಂಬ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು.

ಎರಡನೆಯದು ಹಿಮೋಫಿಲಿಯಾ, ಅಂದರೆ ಕುಸುಮರೋಗ. ಎಂಟನೆಯ ರಕ್ತಹೆಪ್ಪು ಅಂಶದ ಕೊರತೆಯ ಬಗೆಯು ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಅಲ್ಪ ತಾಕಿಗೇ ದೊಡ್ಡ ಕಲೆ ಮೂಡುತ್ತದೆ, ಲಸಿಕೆ ಚುಚ್ಚಿದ ಜಾಗ ಬಾತುಕೊಳ್ಳಬಹುದು. ಸುಮಾರು ಮೂರರಲ್ಲೊಂದು ಪ್ರಕರಣದಲ್ಲಿ ಕುಟುಂಬದ ಪೂರ್ವಚರಿತ್ರೆ ಇರುವುದಿಲ್ಲ. ರಕ್ತಪರೀಕ್ಷೆಯಿಂದ ಇದನ್ನು ಗುರುತಿಸಬಹುದು.

ಮೂರನೆಯದು ಗ್ಲುಟಾರಿಕ್ ಅಸಿಡೂರಿಯಾ ಮೊದಲನೆಯ ಬಗೆ. ತಲೆ ದೊಡ್ಡದಾಗಿರುವ ಇಂತಹ ಶಿಶುಗಳಲ್ಲಿ ಮೆದುಳಿನ ಹೊದಿಕೆಯ ಕೆಳಗೆ ರಕ್ತಸ್ರಾವವಾಗಿ, ಮಗುವನ್ನು ಬಲವಾಗಿ ಅಲುಗಾಡಿಸಿದಂತೆ ತೋರಬಹುದು. ಮೂತ್ರಪರೀಕ್ಷೆ ಇದರ ಸುಳಿವು ನೀಡುತ್ತದೆ. ಬೇಗ ತಿಳಿದರೆ ಪಥ್ಯ ಮತ್ತು ಔಷಧಗಳಿಂದ ಮೆದುಳಿಗಾಗುವ ಹಾನಿಯನ್ನು ಬಹುಮಟ್ಟಿಗೆ ತಡೆಯಬಹುದು. ತಂದೆತಾಯಿಗಳಿಬ್ಬರಿಂದಲೂ ದೋಷವುಳ್ಳ ಜೀನು ಬಂದಾಗ ಮಾತ್ರ ಈ ರೋಗ ತಲೆದೋರುತ್ತದೆ. ಆದ್ದರಿಂದ ಸೋದರಮಾವ, ಅತ್ತೆಯ ಮಗ ಮುಂತಾದ ರಕ್ತಸಂಬಂಧದ ವಿವಾಹಗಳಲ್ಲಿ ಇದರ ಸಂಭವ ಹೆಚ್ಚು.

ನಮ್ಮ ಅನೇಕ ಶಿಶುಗಳ ಬೆನ್ನು, ಸೊಂಟದ ಮೇಲಿರುವ ನೀಲಿ-ಬೂದು ಮಚ್ಚೆಗಳು ರೋಗವೂ ಅಲ್ಲ, ಏಟೂ ಅಲ್ಲ. ಏಟಿನ ಕಲೆ ಕೆಲವು ವಾರಗಳೊಳಗೆ ಬಣ್ಣ ಬದಲಿಸಿ ಮಾಯುತ್ತದೆ. ಈ ಮಚ್ಚೆ ವರ್ಷಗಟ್ಟಲೆ ಉಳಿಯುತ್ತದೆ. ಜನನಕಾಲದ ಆಸ್ಪತ್ರೆ ದಾಖಲೆಯಲ್ಲಿ ಇದನ್ನು ಬರೆಸಿಡುವುದು ಲೇಸು.

ಆದರೆ ಒಂದು ಎಚ್ಚರಿಕೆ: ಈ ರೋಗಗಳು ವಿರಳ. ಇನ್ನೂ ತೆವಳದ, ನಡೆಯದ ಕೂಸಿನ ಮೈಮೇಲಿನ ಕಲೆಯನ್ನು ಎಂದೂ ಹಗುರವಾಗಿ ಕಾಣಬಾರದು. ರೋಗವಿರುವ ಮಗುವೂ ಹಿಂಸೆಗೊಳಗಾಗಬಹುದು. ಆದುದರಿಂದ ವೈದ್ಯರು ಪ್ರಶ್ನಿಸಿದಾಗ ಪೋಷಕರು ಅವಮಾನವೆಂದು ಭಾವಿಸದೆ, ನಡೆದುದನ್ನು ನಡೆದಂತೆಯೇ ಹೇಳಬೇಕು. ಮನೆತನದಲ್ಲಿ ಪದೇಪದೇ ಮೂಳೆ ಮುರಿದವರು, ಎಳವೆಯಲ್ಲೇ ಕಿವುಡಾದವರು, ಹಲ್ಲು ಕೀಳಿಸಿದಾಗ ರಕ್ತ ನಿಲ್ಲದವರು ಇದ್ದರೆ ತಪ್ಪದೆ ತಿಳಿಸಬೇಕು. ಪರಭಾಷಾ ಪ್ರಾಂತದಲ್ಲಿ ನೆಲೆಸಿರುವ ನಮ್ಮವರು, ಊರಿನಲ್ಲಿರುವ ಹಿರಿಯರನ್ನು ಕೇಳಿ ಈ ವಿವರಗಳನ್ನು ಬರೆದುಕೊಂಡು, ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಉಚಿತ.

2021ರ ರಾಷ್ಟ್ರೀಯ ವಿರಳ ರೋಗಗಳ ನೀತಿಯ ಅನ್ವಯ ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆ ಮೊದಲಾದವು ಉತ್ಕೃಷ್ಟತಾ ಕೇಂದ್ರಗಳಾಗಿವೆ. ಮಗುವೊಂದು ಹಿಂಸೆಗೊಳಗಾಗುತ್ತಿದೆಯೆಂಬ ಶಂಕೆಯಿದ್ದರೆ 1098 ಸಂಖ್ಯೆಗೆ ಕರೆಮಾಡಬಹುದು.

ಆತುರದ ಆರೋಪವೂ ಸಲ್ಲದು, ಕುರುಡು ವಿಶ್ವಾಸವೂ ಸಲ್ಲದು. ಪೂರ್ಣ ಪರೀಕ್ಷೆಯೊಂದೇ ಮಗುವಿಗೆ ನ್ಯಾಯ ಒದಗಿಸಬಲ್ಲುದು.